ಸಂಘದ ಬೀಗದ ಕೈ ಯಾರ ಜೇಬಿನಲ್ಲಿದೆ?



ನಮ್ಮ ಸಂಘದ ತಿಜೋರಿಗೆ ಎರಡು ಬೀಗದ ಕೈಗಳಿರುವುದು ತಮಗೆಲ್ಲ ತಿಳಿದದ್ದೇ. ಒಂದು ಅಧ್ಯಕ್ಷರಲ್ಲಿ, ಇನ್ನೊಂದು ಕಾರ್ಯದರ್ಶಿಯ ಹೊಣೆ ಹೊತ್ತ ನಮ್ಮಲ್ಲಿ. ಇಬ್ಬರೂ ಎದುರಿಗಿಲ್ಲದೆ ಅದು ತೆರೆಯದು. ಹಿರಿಯರು ಯೋಚಿಸಿಯೇ ಮಾಡಿದ ಏರ್ಪಾಡು. ಆದರೆ ಸಂಘದ ಈ-ಮೇಲ್ ಖಾತೆಯ ಬೀಗದ ಕೈ ಯಾರಲ್ಲಿದೆ ಎಂದು ಕಳೆದ ಮುಂಗಾರಿನವರೆಗೆ ನಾವಾಗಲಿ ನಿರ್ದೇಶಕರಾಗಲಿ ಒಮ್ಮೆಯೂ ಕೇಳಿರಲಿಲ್ಲ.

ಮೇ ತಿಂಗಳ ಸಿಡಿಲಿಗೆ ಕಚೇರಿಯ ಕಂಪ್ಯೂಟರ್ ಸುಟ್ಟುಹೋಯಿತು. ಹೊಸದನ್ನು ತಂದು ಖಾತೆ ತೆರೆಯಲು ಕುಳಿತೆವು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಆದರೆ ಹೊಸ ಯಂತ್ರವಾದ್ದರಿಂದ ಮೊಬೈಲಿಗೆ ಕಳಿಸಿದ ಓಟಿಪಿಯನ್ನೂ ಒತ್ತಬೇಕೆಂದಿತು. ಅದು ಹೋದದ್ದು ಖಾತೆ ಮಾಡಿಕೊಟ್ಟಿದ್ದ ಹಿಂದಿನ ಗುಮಾಸ್ತನ ಸಂಖ್ಯೆಗೆ. ಆತ ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಫೋನ್ ಮಾಡಿದರೆ ಆ ಸಂಖ್ಯೆಯೇ ಚಾಲ್ತಿಯಲ್ಲಿಲ್ಲ. ಮತ್ತೆ ಮತ್ತೆ ಒತ್ತಿದ್ದಕ್ಕೆ, ಪ್ರಯತ್ನ ಹೆಚ್ಚಾಯಿತು, ಆಮೇಲೆ ಬನ್ನಿ ಎಂಬ ಉತ್ತರ ಬಂತು. ಮೈಲುತುತ್ತದ ದರಪಟ್ಟಿಗಳೆಲ್ಲ ಆ ಖಾತೆಯೊಳಗೇ ಇದ್ದವು. ಕಳಿಸಿದವರು ಯಾರು ಯಾರು ಎಂಬುದೂ ಅಲ್ಲೇ ಇತ್ತು. ಮಳೆ ಹಿಡಿಯುವ ಮೊದಲು ಮೊದಲನೆಯ ಬೋರ್ಡೋ ಸಿಂಪಡಣೆ ಆಗದಿದ್ದರೆ ಕೊಳೆ ರೋಗ ಏನು ಮಾಡುತ್ತದೆಂದು ಅಡಿಕೆ ಬೆಳೆಗಾರರಿಗೆ ಬೇರೆ ಹೇಳಬೇಕಾಗಿಲ್ಲ.

ಸೇವಾ ಪುಸ್ತಕದಲ್ಲಿ ಆತನ ವಿಳಾಸವಿತ್ತು: ವಡ್ಡು, ಸಂಡೂರು ತಾಲ್ಲೂಕು. ಒಬ್ಬ ನಿರ್ದೇಶಕರೊಡನೆ ರಾತ್ರಿ ಬಸ್ಸು ಹತ್ತಿ ಹೊಸಪೇಟೆಯಲ್ಲಿ ಇಳಿದು, ತೋರಣಗಲ್ಲಿನ ದಾರಿ ಹಿಡಿದೆವು. ನಮ್ಮ ಕಡೆ ಮೋಡ ಕಟ್ಟಿದ್ದರೆ ಅಲ್ಲಿ ಸುಡುಬಿಸಿಲು, ಕೆಂಪು ಧೂಳು. ವಡ್ಡಿನ ಚಹಾದಂಗಡಿಯಲ್ಲಿ ಹೆಸರು ಹೇಳಿದೆವು. ಹತ್ತು ನಿಮಿಷದಲ್ಲಿ ಮನೆ ತೋರಿಸಿದರು. ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು ಬಂದ. ನಮ್ಮ ಮಾತು ಕೇಳಿ ಅವನಿಗೇ ಆಶ್ಚರ್ಯ.

"ಆ ನಂಬರ್ ಯಾವಾಗೋ ಬಂದ್ ಆಗೈತ್ರಿ ಸರ್. ಇಂಥದ್ದಕ್ಕ ಇರಲಿ ಅಂತ ಹತ್ತು ಕೋಡ್ ಪ್ರಿಂಟ್ ತಗದು ಕರೆಂಟ್ ಬಿಲ್ ಫೈಲಿನಾಗ ಇಟ್ಟಿದ್ದೆ. ನೀವೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಊರಿಗೆ ಮರಳಿ ನೋಡಿದರೆ ಕಾಗದ ಅವನು ಹೇಳಿದ ಜಾಗದಲ್ಲೇ ಇತ್ತು. ಅದರಲ್ಲಿನ ಮೊದಲ ಸಂಖ್ಯೆಗೇ ಖಾತೆ ತೆರೆಯಿತು. ಆ ಹೊತ್ತಿಗೆ ಹನ್ನೊಂದು ದಿನ ಕಳೆದು, ದರಪಟ್ಟಿಗಳ ಅವಧಿ ಮುಗಿದಿತ್ತು. ಮೈಲುತುತ್ತವನ್ನು ಪೇಟೆಯ ಬೆಲೆಗೇ ಕೊಳ್ಳಬೇಕಾಯಿತು. ಕೆಲವು ಸದಸ್ಯರ ತೋಟಕ್ಕೆ ಅದು ತಲುಪುವಾಗ ಮಳೆ ಶುರುವಾಗಿತ್ತು. ಈ ನಷ್ಟಕ್ಕೆ ಆ ಹುಡುಗ ಹೊಣೆಯಲ್ಲ. ಅವನಿಂದ ಕುರ್ಚಿ, ಮೇಜು, ರಬ್ಬರ್ ಮೊಹರುಗಳ ಲೆಕ್ಕವನ್ನು ಸಹಿ ಸಹಿತ ಪಡೆದುಕೊಂಡು, ಇದೊಂದನ್ನು ಕೇಳಲು ಮರೆತವರು ನಾವೇ.

ಓಟಿಪಿ ಬಾರದಿರಲು ಕಾರಣಗಳು ಹಲವು. 90 ದಿನ ಬಳಸದೆ, ಹಣ ಹಾಕದೆ ಬಿಟ್ಟ ಸಿಮ್ ರದ್ದಾಗಬಹುದು. ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಟ್ರಾಯ್ ತಿಳಿಸಿತ್ತು. ಎಂದರೆ ಆಮೇಲೆ ನಮ್ಮ ಓಟಿಪಿ ಅಪರಿಚಿತರೊಬ್ಬರ ಕೈಗೆ ಹೋಗಬಹುದು. ಕಳೆದ ಸಿಮ್‌ಗೆ ಬದಲಿ ಪಡೆದರೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬಾರದು; ಕಳ್ಳರನ್ನು ತಡೆಯಲು ಮಾಡಿದ ನಿಯಮವದು. ಸಿಗ್ನಲ್ ಇಲ್ಲವೆಂದು ನಾಲ್ಕು ಸಲ ಕೇಳಿ, ಆಮೇಲೆ ಗುಡ್ಡ ಹತ್ತಿದಾಗ ನಾಲ್ಕೂ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ. ಮೊಬೈಲಿನಲ್ಲೇ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಬಳಸುವವರ ಗಡಿಯಾರ ತಪ್ಪಿದ್ದರೆ ಕೋಡೂ ತಪ್ಪುತ್ತದೆ.

ನಮ್ಮದೊಂದು ದೂರೂ ಇದೆ. ಜಿಎಸ್‌ಟಿ ಖಾತೆಯ ಮೊಬೈಲ್ ಸಂಖ್ಯೆ ಕೈತಪ್ಪಿದರೆ ದಾಖಲೆ ಹಿಡಿದು ನಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಮುಂದೆ ನಿಂತು ಬದಲಾಯಿಸಿಕೊಳ್ಳಬಹುದು. ಬಿಟ್ಟಿಯಾಗಿ ಈ-ಮೇಲ್ ಕೊಡುವ ಕಂಪನಿಗಳಲ್ಲಿ ಹಾಗೆ ಎದುರು ನಿಂತು ಮಾತಾಡಲು ಒಬ್ಬ ಮನುಷ್ಯನಿಲ್ಲ. ನೋಂದಣಿ ಪತ್ರವಿದೆ, ಮೊಹರಿದೆ, ನಡಾವಳಿ ಪುಸ್ತಕವಿದೆ, ಯಾರಿಗೆ ತೋರಿಸುವುದು? ಇದು ಸರಿಯಲ್ಲ. ಆದರೆ ಅವರು ಸರಿಯಾಗಲೆಂದು ನಾವು ಕಾಯುತ್ತ ಕೂತರೆ ಕೊಳೆ ರೋಗ ಕಾಯುವುದಿಲ್ಲ.

ಆದ್ದರಿಂದ ಮುಂದಿನ ಆಡಳಿತ ಮಂಡಳಿ ಸಭೆಗೆ ನಮ್ಮ ಸಲಹೆಗಳಿವು. ಖಾತೆಗೆ ಕೊಡುವ ಮೊಬೈಲ್ ಸಂಖ್ಯೆ ಸಂಘದ ಹೆಸರಿನಲ್ಲೇ ಇರಲಿ. ಅದಕ್ಕೆ ಹಣ ಹಾಕಿದ ದಿನಾಂಕ ಖರ್ಚಿನ ಪುಸ್ತಕದಲ್ಲಿ ಬರಲಿ. ಎರಡನೆಯ ಆಸರೆಯಾಗಿ ಇನ್ನೊಬ್ಬ ಪದಾಧಿಕಾರಿಯ ಈ-ಮೇಲ್ ವಿಳಾಸವಿರಲಿ. ಜಿಮೇಲ್‌ನಲ್ಲಿ ಎಂಟಂಕೆಯ ಹತ್ತು ಬದಲಿ ಕೋಡ್‌ಗಳನ್ನು ಮುಂಚಿತವಾಗಿ ಪಡೆದಿಡಬಹುದು, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಮುದ್ರಿಸಿ, ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿಡೋಣ. ಕೆಲಸ ಬಿಡುವವರ ಹಸ್ತಾಂತರ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಲಿ. ಕಾಗದ ಯಾರದಾದರೂ ಕಣ್ಣಿಗೆ ಬಿದ್ದೀತೆಂದು ಕೆಲವರು ಅನುಮಾನಿಸುತ್ತಾರೆ. ಪಾಸ್‌ವರ್ಡ್ ಇಲ್ಲದೆ ಆ ಕಾಗದದಿಂದ ಖಾತೆ ತೆರೆಯದು. ಆದುದರಿಂದ ಎರಡನ್ನೂ ಒಂದೇ ಲಕೋಟೆಯಲ್ಲಿ ಇಡದಿದ್ದರೆ ಸಾಕು.

ಸದಸ್ಯರ ಮನೆಗಳಲ್ಲೂ ಇದೇ ಕಥೆ. ಬೆಂಗಳೂರಿನ ಮಗನ ಸಂಖ್ಯೆಗೋ, ಪೇಟೆಯ ಸೈಬರ್ ಅಂಗಡಿಯವರ ಸಂಖ್ಯೆಗೋ ತೆರೆದ ಖಾತೆಗಳು ಎಷ್ಟಿಲ್ಲ! ಇಂದು ಸಂಜೆಯೇ ಒಮ್ಮೆ ತೆರೆದು ನೋಡಿರಿ. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ತೊಡಗಿದೆ. ಬಾಗಿಲು ಮುಚ್ಚಿಹೋಗಿದ್ದರೆ ಎಂದಿನ ಮೊಬೈಲಿನಿಂದ, ಎಂದಿನ ಜಾಗದಲ್ಲಿ ಕುಳಿತು ಪ್ರಯತ್ನಿಸಿರಿ. ಗುರುತು ಹಿಡಿಯಲು ಅದು ನೆರವಾಗುತ್ತದೆ. ಖಾತೆ ಬಿಡಿಸಿಕೊಡುತ್ತೇವೆಂದು ಫೋನ್ ಮಾಡಿ ಓಟಿಪಿ ಕೇಳುವವರಿಗೆ ಮಾತ್ರ ಹೇಳಬೇಡಿರಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆಂಬ ಗಾದೆ ನಮಗೇ ಅನ್ವಯಿಸಿತು. ಈ ಸಲದ ಮುಂಗಾರಿಗೆ ಮೊದಲಾದರೂ ಬಾಗಿಲು ಹಾಕೋಣ, ಅದರ ಬೀಗದ ಕೈ ಎಲ್ಲಿದೆಯೆಂದು ಬರೆದೂ ಇಡೋಣ. ಸದಸ್ಯರು ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಕಾಗದದಲ್ಲಿ ಬರೆದರೂ ಸರಿಯೇ.