ಸಮ್ಮೇಳನ ಅಣಕು, ಸುದ್ದಿ ಅಣಕಲ್ಲ

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣ ಒಂದು ದಿನದ ಮಟ್ಟಿಗೆ ಪ್ಯಾರಿಸ್ ಆಗಿತ್ತು. ಗೋಡೆಯ ಮೇಲೆ '16 ಸೆಪ್ಟೆಂಬರ್ 1948' ಎಂದು ಬರೆದ ಚಾರ್ಟ್, ಸುತ್ತಲೂ ಜೋಡಿಸಿದ ಬೆಂಚುಗಳು, ಪ್ರತಿ ಬೆಂಚಿನ ಮೇಲೆ ಒಂದೊಂದು ದೇಶದ ಹೆಸರಿನ ರಟ್ಟಿನ ಫಲಕ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಣಕು ಸಭೆ ಅದು. ಬಾಗಿಲ ಬಳಿಯ ಸಣ್ಣ ಮೇಜಿಗೂ ಒಂದು ಫಲಕವಿತ್ತು: 'ಪತ್ರಿಕಾ ವರದಿಗಾರರು'. ಆ ಮೇಜಿಗೆ ನಾವು ಮೂವರು. ವರದಿ ಬರೆಯುವವಳು ಒಬ್ಬಳು, ವ್ಯಂಗ್ಯಚಿತ್ರ ಬಿಡಿಸುವವನು ಒಬ್ಬ, ಫೋಟೊ ತೆಗೆಯುವವನು ನಾನು. ನನ್ನ ಕ್ಯಾಮೆರಾ ಎಂದರೆ ಅಣ್ಣನಿಂದ ಕೇಳಿ ತಂದ ಮೊಬೈಲ್.

ಆ ದಿನ ನಾನು ಮಾಡಿದ ಒಂದು ತಪ್ಪು ಈ ಲೇಖನ ಬರೆಸುತ್ತಿದೆ. ಅದನ್ನು ಮುಚ್ಚಿಟ್ಟು ಬೇರೆಯವರಿಗೆ ಬುದ್ಧಿ ಹೇಳುವುದು ಸರಿಯಲ್ಲ. ಹಾಗಾಗಿ ನಡೆದದ್ದನ್ನು ಮೊದಲು ಹೇಳುತ್ತೇನೆ.

ಯುವ ಸಂಸತ್ತು ಸ್ಪರ್ಧೆ ನಮಗೆಲ್ಲ ಗೊತ್ತಿರುವಂಥದ್ದೇ. ಅಣಕು ವಿಶ್ವಸಂಸ್ಥೆ ಸಭೆ ಮಾತ್ರ ನಮ್ಮ ಕಡೆ ಹೊಸದು. ಬೆಂಗಳೂರು, ಹೈದರಾಬಾದಿನಂಥ ನಗರಗಳ ವಿದ್ಯಾರ್ಥಿಗಳು ಇದನ್ನು 'ಎಂಯುಎನ್' ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ದೇಶ ಸಿಗುತ್ತದೆ. ಆ ದೇಶದ ನಿಲುವನ್ನು ಓದಿಕೊಂಡು ಬಂದು ಮಂಡಿಸಬೇಕು. ಸ್ವಂತ ಅಭಿಪ್ರಾಯವನ್ನು ಬಾಗಿಲ ಹೊರಗೇ ಬಿಟ್ಟು ಬರಬೇಕು. ಇದರಲ್ಲಿ ಪ್ರತಿನಿಧಿಗಳ ಜೊತೆಗೆ ಪತ್ರಕರ್ತರ ತಂಡವೂ ಇರುತ್ತದೆ. ನಮ್ಮಲ್ಲಿ ವರದಿಗಾರ್ತಿಗೆ 'ರಾಯ್ಟರ್ಸ್' ಎಂಬ ಪಾತ್ರ ಕೊಟ್ಟಿದ್ದರು.

ವಿಷಯ ಆರಿಸಿದವರು ನಮ್ಮ ಇತಿಹಾಸ ಉಪನ್ಯಾಸಕರು: 'ಹೈದರಾಬಾದ್ ಪ್ರಶ್ನೆ'. ನಾನೂ ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮ ಬೀದರ್ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ಭದ್ರತಾ ಮಂಡಳಿಗೆ ದೂರು ಕಳಿಸಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಗೆ ಬಂತು. 16ರಂದು ಪ್ಯಾರಿಸ್‌ನಲ್ಲಿ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು. ಮರುದಿನವೇ ನಿಜಾಮರು ಕದನ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ದೂರನ್ನೂ ಹಿಂತೆಗೆದುಕೊಂಡರು. ಕಲ್ಯಾಣ ಕರ್ನಾಟಕ ದಿನವೆಂದು ನಾವು ಧ್ವಜ ಹಾರಿಸುವ ಸೆಪ್ಟೆಂಬರ್ 17 ಅದೇ ದಿನ. ಆ ಸಭೆಯಲ್ಲಿ ಹೈದರಾಬಾದ್ ಪರವಾಗಿ ನವಾಬ್ ಮೊಯಿನ್ ನವಾಜ್ ಜಂಗ್ ನಿಂತಿದ್ದರು. ಭಾರತದ ಪರವಾಗಿ ಮಾತಾಡಿದ ಎ. ರಾಮಸ್ವಾಮಿ ಮೊದಲಿಯಾರ್ ಮೈಸೂರಿನ ದಿವಾನರಾಗಿದ್ದವರು. ಅಂದು ಎದುರುಬದುರಾಗಿ ಕೂತಿದ್ದ ಎರಡು ಕಡೆಯ ನೆಲ 1956ರಲ್ಲಿ ಒಂದೇ ರಾಜ್ಯವಾಯಿತು. ಇಷ್ಟು ಹತ್ತಿರದ ವಿಷಯವನ್ನು ಅಷ್ಟು ದೂರದ ಮೇಜಿನಲ್ಲಿ ಚರ್ಚಿಸಿದ್ದರು ಎಂಬುದೇ ನಮಗೆ ಪಾಠವಾಗಿತ್ತು.

ಮೊಯಿನ್ ನವಾಜ್ ಜಂಗ್ ಪಾತ್ರ ನನ್ನ ಗೆಳೆಯನಿಗೆ ಬಂತು. ಹದಿನೈದು ದಿನ ಓದಿದ್ದ. ಹೈದರಾಬಾದ್ ಸ್ವತಂತ್ರವಾಗಿ ಉಳಿಯಬೇಕೆಂದು ಆ ಕಾಲದ ವಾದವನ್ನು ಎಷ್ಟು ಚೆನ್ನಾಗಿ ಮಂಡಿಸಿದನೆಂದರೆ ಭಾರತದ ಪ್ರತಿನಿಧಿಯೂ ಚಪ್ಪಾಳೆ ತಟ್ಟಿದ. ನಾನು ಅವನ ಫೋಟೊ ತೆಗೆದೆ. ಕೈ ಮೇಲೆತ್ತಿದ್ದ, ಎದುರಿಗೆ 'ಹೈದರಾಬಾದ್' ಎಂಬ ಫಲಕ, ಹಿಂದೆ ನಿಜಾಮರ ಸಂಸ್ಥಾನದ ನಕ್ಷೆ. ಜೊತೆಗೆ ಇಪ್ಪತ್ತು ಸೆಕೆಂಡಿನ ವಿಡಿಯೊ. ಎರಡನ್ನೂ ಮಧ್ಯಾಹ್ನವೇ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಬರೆದದ್ದು ಎರಡೇ ಪದ: 'ಸೂಪರ್ ಭಾಷಣ'.

ಸಂಜೆಯೊಳಗೆ ಅದು ಎಷ್ಟೋ ಗುಂಪು ದಾಟಿತು. ಎಲ್ಲೋ ನನ್ನ ಎರಡು ಪದಗಳೂ ಉದುರಿಹೋದವು. ಅವುಗಳ ಜಾಗದಲ್ಲಿ ಬೇರೆ ಯಾರೋ ಬರೆದರು: 'ಈಗಿನ ಹುಡುಗರಿಗೆ ಕಾಲೇಜಿನಲ್ಲಿ ಕಲಿಸುವುದು ಇದನ್ನೇ ನೋಡಿ.' ಮರುದಿನ ಬೆಳಿಗ್ಗೆ ಗೆಳೆಯನ ತಂದೆಯ ಕಿರಾಣಿ ಅಂಗಡಿಗೆ ವರ್ಷಗಟ್ಟಲೆ ಬರುತ್ತಿದ್ದ ಗಿರಾಕಿಯೊಬ್ಬರು ಕೇಳಿದರಂತೆ: "ನಿಮ್ ಹುಡುಗ ಹೈದರಾಬಾದ್ ಬ್ಯಾರೆ ದೇಶ ಅಂತಾನಂತಲ್ರೀ?" ಅವರಿಗೆ ಏನು ಹೇಳಬೇಕೋ ತೋಚಲಿಲ್ಲ. ಗೆಳೆಯ ಎರಡು ದಿನ ಕಾಲೇಜಿಗೆ ಬರಲಿಲ್ಲ.

ನಾನು ಉಪನ್ಯಾಸಕರ ಜೊತೆ ಅಂಗಡಿಗೆ ಹೋದೆ. ಚಾಚಾ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೂರಿಸಿ ಚಹಾ ತರಿಸಿದರು. ಕೊನೆಗೆ ಕೇಳಿದ್ದು ಒಂದೇ ಮಾತು: "ಬೇಟಾ, ಫೋಟೊ ಹಾಕಿದಿ. ಏನಿನ ಫೋಟೊ ಅಂತ ಯಾಕ ಬರೀಲಿಲ್ಲ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಇಡೀ ಕಾರ್ಯಕ್ರಮವೇ ಅಣಕು, ನಾವು ವರದಿಗಾರರೂ ಅಣಕು ವರದಿಗಾರರು ಎಂದುಕೊಂಡಿದ್ದೆ. ಅಲ್ಲೇ ನಾನು ಎಡವಿದ್ದು. ಅಲ್ಲಿ ಫ್ರಾನ್ಸ್, ಕೆನಡಾ, ಸಿರಿಯಾ ಎಲ್ಲವೂ ನಟನೆ. ನಾನು ತೆಗೆದ ಫೋಟೊದಲ್ಲಿದ್ದ ಮುಖ ನಟನೆಯದಲ್ಲ. ಆ ಮುಖಕ್ಕೆ ಮನೆಯಿದೆ, ಓಣಿಯಿದೆ, ಅಪ್ಪನ ಅಂಗಡಿಯಿದೆ. ಪ್ರತಿನಿಧಿ ಸಂಜೆ ಫಲಕ ಕೆಳಗಿಟ್ಟು ತನ್ನ ಹೆಸರಿಗೆ ಮರಳುತ್ತಾನೆ. ಫೋಟೊ ಮಾತ್ರ ಫಲಕ ಹಿಡಿದೇ ಊರು ಸುತ್ತುತ್ತದೆ.

ಇದು ಮೊಬೈಲ್ ಕಾಲದ ಕಾಯಿಲೆ ಮಾತ್ರವಲ್ಲ. 1960ರ ಅಕ್ಟೋಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಬೂಟಿನಿಂದ ಮೇಜು ಕುಟ್ಟಿದರು ಎಂಬ ಕಥೆ ಜಗತ್ತಿಗೆಲ್ಲ ಗೊತ್ತು. ಅವರು ಭಾಷಣ ಮಾಡುತ್ತಾ ಬೂಟನ್ನು ಕೈಯಲ್ಲಿ ಎತ್ತಿ ಹಿಡಿದಿರುವ ಚಿತ್ರ ಇಂದಿಗೂ ಓಡಾಡುತ್ತದೆ. ಅದು ತಿದ್ದಿದ ಚಿತ್ರ. ನಿಜವಾದ ಫೋಟೊದಲ್ಲಿ ಬೂಟು ಅವರ ಮುಂದಿನ ಮೇಜಿನ ಮೇಲಿದೆ, ಅಷ್ಟೇ. ಕುಟ್ಟಿದರೋ ಇಲ್ಲವೋ ಎಂಬ ಬಗ್ಗೆ ಅಲ್ಲಿದ್ದವರೇ ಬೇರೆ ಬೇರೆ ಹೇಳಿದ್ದಾರೆ. ಅಷ್ಟು ದೊಡ್ಡ ಸಭೆಯ, ಅಷ್ಟು ಕ್ಯಾಮೆರಾಗಳ ಎದುರಿನ ಸಂಗತಿಗೇ ಹೀಗಾದರೆ, ನಮ್ಮ ಸಭಾಂಗಣದ ಒಂದು ಮೊಬೈಲ್ ಫೋಟೊ ಯಾವ ಲೆಕ್ಕ?

ಆಮೇಲೆ ಕಾಲೇಜಿನಲ್ಲಿ ಎರಡು ಸಲಹೆ ಬಂದವು. ಮುಂದಿನ ಸಲ ಮೊಬೈಲ್ ಬೇಡ ಎಂಬುದು ಒಂದು. ಹವಾಮಾನ ಬದಲಾವಣೆಯಂಥ, ಯಾರಿಗೂ ನೋವಾಗದ ವಿಷಯ ಇಟ್ಟುಕೊಳ್ಳೋಣ ಎಂಬುದು ಇನ್ನೊಂದು. ಹೇಳಿದವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಗೌರವದಿಂದಲೇ ಒಪ್ಪುವುದಿಲ್ಲ.

ಆ ವರ್ಷದ ಬಗ್ಗೆ ನಮ್ಮ ಕಡೆಯ ಹಿರಿಯರು ದನಿ ತಗ್ಗಿಸಿ ಮಾತಾಡುತ್ತಾರೆ. ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ರಜಾಕಾರರು ಮಾಡಿದ ಹತ್ಯೆಗಳ ನೋವು ಒಂದು ಕಡೆ. ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಕಲಬುರಗಿ ಕಡೆ ಮುಸ್ಲಿಂ ಮನೆಗಳಲ್ಲಿ ಆದ ಸಾವುಗಳ ನೋವು ಇನ್ನೊಂದು ಕಡೆ. ಅದನ್ನು ವಿಚಾರಿಸಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳಿಸಿತ್ತು. ಅವರ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಬರೆದದ್ದು ಹೊರಗೆ ಬರದಿದ್ದರೆ ಆ ಜಾಗವನ್ನು ವದಂತಿ ತುಂಬುತ್ತದೆ. ಒಂದೊಂದು ಮನೆಯಲ್ಲಿ ಒಂದೊಂದು ಅರ್ಧ ಕಥೆ ಉಳಿಯುತ್ತದೆ.

ಹೈದರಾಬಾದಿನಿಂದ ದೂರು ಹೋದ ಮರುದಿನ, ಅಂದರೆ 1948ರ ಆಗಸ್ಟ್ 22ರಂದು, ಅಲ್ಲೇ ಒಬ್ಬ ಪತ್ರಕರ್ತನ ಕೊಲೆಯಾಯಿತು. 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ಸಂಸ್ಥಾನ ಭಾರತದೊಂದಿಗೆ ಸೇರಬೇಕೆಂದು ಬರೆದಿದ್ದರು. ಕಚೇರಿಯಿಂದ ರಾತ್ರಿ ಮನೆಗೆ ಮರಳುವಾಗ ದಾಳಿ ಮಾಡಿದರು. ಅವರಿಗೆ ಇನ್ನೂ 28 ತುಂಬಿರಲಿಲ್ಲ. ನಮ್ಮ ಅಣಕು ಸಭೆಯಲ್ಲಿ ಹದಿಮೂರು ಫಲಕಗಳಿದ್ದವು: ಮಂಡಳಿಯ ಹನ್ನೊಂದು ಸದಸ್ಯ ದೇಶ, ಮೇಲೆ ಭಾರತ, ಹೈದರಾಬಾದ್. ಶೋಯಬುಲ್ಲಾ ಖಾನರ ಹೆಸರು ಯಾವ ಫಲಕದಲ್ಲೂ ಇರಲಿಲ್ಲ. ಅವರು ಇರಬೇಕಾಗಿದ್ದದ್ದು ನಮ್ಮ ಮೇಜಿನಲ್ಲಿ. ಆ ಮೇಜನ್ನು ತೆಗೆದುಹಾಕಿ ಎನ್ನಲು ನನಗೆ ಮನಸ್ಸಿಲ್ಲ.

ಹಾಗಾದರೆ ಆ ಮೇಜು ಹೇಗೆ ಕೆಲಸ ಮಾಡಬೇಕು? ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಅಡಿಬರಹ. ಫೋಟೊದಲ್ಲಿ ಯಾರು, ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾರೆ ಎಂಬ ಒಂದು ಸಾಲಿಲ್ಲದೆ ಸುದ್ದಿಸಂಸ್ಥೆಯಲ್ಲಿ ಚಿತ್ರ ಹೊರಗೆ ಹೋಗುವುದಿಲ್ಲ. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಓದಿದ ಡ್ಯಾನಿಶ್ ಸಿದ್ದೀಕಿ ರಾಯ್ಟರ್ಸ್ ತಂಡದಲ್ಲಿದ್ದು ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು. 2021ರ ಜುಲೈನಲ್ಲಿ ಅಫ್ಗಾನಿಸ್ತಾನದಲ್ಲಿ ಕೆಲಸದ ಮೇಲಿದ್ದಾಗಲೇ ಪ್ರಾಣ ಕಳೆದುಕೊಂಡರು. ಅಂಥವರ ಚಿತ್ರಕ್ಕೂ ಆ ಸಾಲು ಬೇಕು. ನನ್ನ ಮೊಬೈಲ್ ಫೋಟೊಗೆ ಬೇಡವೇ? ನಮ್ಮಲ್ಲಿ 'ಅಣಕು ಸಭೆ' ಎಂಬ ಪದ ಮತ್ತು ಪಾತ್ರದ ಹೆಸರು ಫೋಟೊದ ಮೇಲೆಯೇ ಅಚ್ಚಾಗಿರಬೇಕು. ಕೆಳಗೆ ಟೈಪ್ ಮಾಡಿದ್ದು ಉದುರಿಹೋಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಸಂದರ್ಭ ಹೇಳದ ತುಂಡು ವಿಡಿಯೊ ಯಾವ ಗುಂಪಿಗೂ ಬೇಡ.

ಎರಡನೆಯದು ಒಪ್ಪಿಗೆ. ಅಂದು ಕೆನಡಾ ಪ್ರತಿನಿಧಿಯಾಗಿದ್ದ ಸಹಪಾಠಿ ಮೊದಲೇ ಬಂದು, "ನನ್ನ ಮುಖ ಬರೋದು ಬ್ಯಾಡ, ಮನ್ಯಾಗ ಒಪ್ಪಂಗಿಲ್ಲ" ಎಂದಳು. ನಾನು ಹಿಂದಿನ ಸಾಲಿಗೆ ಹೋಗಿ, ಮತಕ್ಕೆ ಎತ್ತಿದ ಅವಳ ಕೈ ಮತ್ತು ಕೆನಡಾ ಫಲಕ ಮಾತ್ರ ಕಾಣುವಂತೆ ತೆಗೆದೆ. ಇಡೀ ದಿನದ ನನ್ನ ಒಳ್ಳೆಯ ಫೋಟೊ ಅದೇ. ಕೇಳಿದರೆ ಫೋಟೊ ಕೆಡುತ್ತದೆ ಎಂಬುದು ಸುಳ್ಳು. ಕೇಳುವ ಕೆಲಸ ಮಾತ್ರ ನಮ್ಮದು. ಅವರೇ ಬಂದು ಹೇಳಲಿ ಎಂದು ಕಾಯಬಾರದು.

ಮೂರನೆಯದು ಕಣ್ಣು ಎಲ್ಲಿರಬೇಕು ಎಂಬುದು. ನಾನು ತೆಗೆದ ಫೋಟೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಾಲು, ಹಾರ, ಸ್ಮರಣಿಕೆ. ಎರಿಕ್ ಸಾಲೊಮನ್ ಎಂಬ ಜರ್ಮನ್ ಛಾಯಾಗ್ರಾಹಕರಿದ್ದರು. ಸಣ್ಣ ಕ್ಯಾಮೆರಾ ಬಚ್ಚಿಟ್ಟುಕೊಂಡು ರಾಜತಾಂತ್ರಿಕ ಸಮ್ಮೇಳನಗಳಿಗೆ ನುಗ್ಗುತ್ತಿದ್ದರು. 1930ರಲ್ಲಿ ಹೇಗ್ ಸಮ್ಮೇಳನದ ನಡುರಾತ್ರಿ ಮಂತ್ರಿಗಳು ದಣಿದು ಕುರ್ಚಿಗಳಲ್ಲಿ ಒರಗಿದ್ದನ್ನು ಅವರು ಸೆರೆಹಿಡಿದರು. ಯುರೋಪಿನ ಹಣೆಬರಹ ಬರೆಯುವವರೂ ತೂಕಡಿಸುವ ಮನುಷ್ಯರು ಎಂದು ಜನ ಕಂಡರು. 1944ರಲ್ಲಿ ನಾಜಿಗಳು ಅವರನ್ನು ಆಶ್ವಿಟ್ಜ್‌ನಲ್ಲಿ ಕೊಂದರು. ಅವರಿಂದ ಕಲಿಯುವುದಿದೆ, ಆದರೆ ಎಚ್ಚರದಿಂದ. ಅವರು ಕೇಳದೆ ತೆಗೆದದ್ದು ಅಧಿಕಾರದಲ್ಲಿದ್ದ ಮಂತ್ರಿಗಳನ್ನು. ನಮ್ಮ ಸಹಪಾಠಿಗಳು ಮಂತ್ರಿಗಳಲ್ಲ. ವೇದಿಕೆ ಬಿಟ್ಟು ಸಭೆಯ ನಡುವೆ ನೋಡೋಣ: ಬಿಡುವಿನಲ್ಲಿ ಸೋವಿಯತ್ ಮತ್ತು ಅಮೆರಿಕ ಒಂದೇ ಡಬ್ಬಿಯಿಂದ ಜೋಳದ ರೊಟ್ಟಿ ತಿಂದದ್ದನ್ನು ನಾನು ಕಂಡೆ, ತೆಗೆಯಲಿಲ್ಲ. ಅತಿಥಿಗಳಿಗೆ ಶಾಲು ಹೊದಿಸುವ ಹೊತ್ತಾಗಿತ್ತು.

ನಾಲ್ಕನೆಯದು ಬರೆಯುವ ಸ್ವಾತಂತ್ರ್ಯ. ನಮ್ಮ ವರದಿಗಾರ್ತಿ, ಊಟದ ಗಂಟೆ ಆದದ್ದರಿಂದ ನಿರ್ಣಯ ಮತಕ್ಕೇ ಹೋಗಲಿಲ್ಲ ಎಂದು ಬರೆದಿದ್ದಳು. ಆ ಸಾಲು ತೆಗೆದರೆ ಚೆನ್ನ ಎಂದು ಸಂಘಟಕ ಗೆಳೆಯರು ಕೇಳಿಕೊಂಡರು. ಉಪನ್ಯಾಸಕರು ಓದಿ ನಕ್ಕು, "ಇರಲಿ ಬಿಡ್ರಿ, ನಡೆದದ್ದೇ ಅಲ್ಲೇನು?" ಎಂದರು. ಸಾಲು ಉಳಿಯಿತು. ಮುಂದೆಯೂ ಹೀಗೇ ಇರಲಿ. 'ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು' ಎಂದು ಬರೆಯಲು ವರದಿಗಾರರು ಬೇಕಾಗಿಲ್ಲ. ಅದನ್ನು ಆಮಂತ್ರಣ ಪತ್ರಿಕೆ ಅಚ್ಚಾಗುವಾಗಲೇ ಬರೆದಿಡಬಹುದು. ಜೊತೆಗೆ ವರದಿ ಕನ್ನಡ, ಉರ್ದು ಎರಡರಲ್ಲೂ ಇರಲಿ. ಸಭೆ ಅರ್ಧ ಇಂಗ್ಲಿಷಿನಲ್ಲಿ ನಡೆದದ್ದರಿಂದ ಮನೆಯವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದಿದ್ದರೆ ಚಾಚಾ ಆ ಗಿರಾಕಿಗೆ ಅಲ್ಲೇ ಉತ್ತರ ಕೊಡುತ್ತಿದ್ದರು.

ಅಂಗಡಿಯಿಂದ ಬಂದ ಸಂಜೆ ನಾವು ಮೂವರೂ ಕೂತು ಪೂರ್ತಿ ವರದಿ ಬರೆದೆವು. ಅದೇ ಫೋಟೊ, ಈ ಸಲ ಅಡಿಬರಹದೊಂದಿಗೆ. ಸೂಚನಾ ಫಲಕಕ್ಕೆ ಅಂಟಿಸಿದೆವು, ಅದೇ ಗುಂಪುಗಳಿಗೂ ಕಳಿಸಿದೆವು. ಕೆಲವರು ಓದಿದರು. ಆ ಗಿರಾಕಿ ಓದಿ ಚಾಚಾನ ಹತ್ತಿರ ಬಂದು ಮಾತಾಡಿದರಂತೆ. ಮೊದಲ ಫೋಟೊ ಹೋದಷ್ಟು ದೂರ ಎರಡನೆಯದು ಹೋಗಲಿಲ್ಲ, ಹೋಗುವುದೂ ಇಲ್ಲ. ಅದಕ್ಕೇ ಮೊದಲ ಸಲವೇ ಸರಿಯಾಗಿ ಬರೆಯಬೇಕು.

ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಪ್ರಥಮ ಪಿಯುಸಿಯ ತಮ್ಮ ತಂಗಿಯರು ಆ ಮೇಜಿಗೆ ಕೂರಬೇಕು. ಅದು ಬಾಗಿಲ ಬಳಿ ಬೇಡ, ಎಲ್ಲ ಫಲಕಗಳೂ ಕಾಣುವ ಕಡೆ ಹಾಕಿಸಿಕೊಳ್ಳಿ. ನನ್ನ ಗೆಳೆಯ ಮತ್ತೆ ಭಾಗವಹಿಸುವೆನೆಂದಿದ್ದಾನೆ, ಈ ಸಲ ವರದಿಗಾರನಾಗಿ, ಹಳೆಯ ವಿದ್ಯಾರ್ಥಿಯ ಲೆಕ್ಕದಲ್ಲಿ ಬಂದು ನಿಮಗೆ ಕಲಿಸಲು. ಅವನಿಗಿಂತ ಚೆನ್ನಾಗಿ ಅಡಿಬರಹದ ಬೆಲೆ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ.

(ಲೇಖಕ ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿ)