ಮಗಳ ಹೆಸರಿನಲ್ಲೇ ಇರಲಿ ವೀಸಾ



ಮದುವೆ ಮಾರುಕಟ್ಟೆಯಲ್ಲಿ 'ಫಾರಿನ್ ಗಂಡಿ'ಗೆ ಏನು ಬೆಲೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಂಜಿನಿಯರಿಗೆ ಇಷ್ಟು, ಡಾಕ್ಟರಿಗೆ ಇಷ್ಟು ಎಂದು ನಡೆಯುವ ಈ ವ್ಯಾಪಾರದಲ್ಲಿ ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾಗಳಲ್ಲಿರುವ ವರನದು ಎಲ್ಲಕ್ಕಿಂತ ಮೇಲಿನ ದರ. ಸೈಟು ಮಾರಿ, ತೋಟ ಅಡವಿಟ್ಟು ಹೆತ್ತವರು ಆ ದರ ತೆರುತ್ತಾರೆ. ಮಗಳು ಫಾರಿನ್ನಿಗೆ ಹೋಗುತ್ತಾಳೆಂದು ನೆಂಟರಿಷ್ಟರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಅವಳು ಯಾವ ಕಾಗದದ ಮೇಲೆ ಹೋಗುತ್ತಿದ್ದಾಳೆ, ಆ ಕಾಗದದ ಹಿಡಿತ ಯಾರ ಕೈಯಲ್ಲಿದೆ ಎಂದು ಕೇಳುವವರು ಕಡಿಮೆ.

ಅವಳ ಕೈಗೆ ಬರುವುದು ಅವಲಂಬಿತರ ವೀಸಾ. ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವನ ಹೆಂಡತಿಗೆ ಎಚ್-4 ವೀಸಾ ಸಿಗುತ್ತದೆ. ಅದರಲ್ಲಿ ಅವಳು ದುಡಿಯುವಂತಿಲ್ಲ. 2015ರ ನಂತರ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಕೆಲಸಕ್ಕೆ ಅನುಮತಿ ಕೇಳಬಹುದು. ಗಂಡನ ವೀಸಾ ಹೋದರೆ ಅವಳದೂ ಹೋಯಿತು, ವಿಚ್ಛೇದನವಾದರೂ ಹೋಯಿತು. ಎಂ.ಎಸ್ಸಿ., ಬಿ.ಇ. ಓದಿದ ಹೆಣ್ಣು ಒಂದು ಕಪ್ ಕಾಫಿಯ ದುಡ್ಡಿಗೂ ಗಂಡನ ಮುಖ ನೋಡಬೇಕು. ಹೊಡೆತ ತಿಂದವಳು ಪೊಲೀಸರಿಗೆ ಹೇಳುವ ಮೊದಲು ಹತ್ತು ಸಲ ಯೋಚಿಸುವಂತೆ ಮಾಡುವುದು ಇದೇ ಕಾಗದ. ಇಂಥ ಮದುವೆಗಳ ದೂರುಗಳಿಗೆಂದೇ 2009ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ಘಟಕ ತೆರೆಯಬೇಕಾಯಿತು. 2024ರಲ್ಲಿ ಕಾನೂನು ಆಯೋಗವು ಅನಿವಾಸಿ ಭಾರತೀಯರ ಮದುವೆಗಳಿಗೆ ಒಂದು ಸಮಗ್ರ ಕಾನೂನೇ ಬೇಕೆಂದು ವರದಿ ಕೊಟ್ಟಿತು.

ಈಗ ಇನ್ನೊಂದು ದಾರಿ ಸಣ್ಣದಾಗಿ ತೆರೆದಿದೆ. ಇದನ್ನು ನಮ್ಮ ಸಂಘಗಳ ಹೆಣ್ಣುಮಕ್ಕಳು ತಿಳಿದಿರಬೇಕು ಎಂಬುದೇ ಈ ಬರಹದ ಉದ್ದೇಶ.

ಯುವಜನರು ಒಂದೆರಡು ವರ್ಷ ಪರದೇಶದಲ್ಲಿ ಸುತ್ತಾಡಿ, ಖರ್ಚಿಗೆ ಅಲ್ಲೇ ದುಡಿದುಕೊಂಡು ಬರಲೆಂದು ಕೊಡುವ ವೀಸಾ ಒಂದಿದೆ. ಆಸ್ಟ್ರೇಲಿಯಾ 1975ರಲ್ಲಿ ಬ್ರಿಟನ್, ಐರ್ಲೆಂಡ್, ಕೆನಡಾದ ಯುವಜನರಿಗಾಗಿ ಇದನ್ನು ಆರಂಭಿಸಿತು. ಭಾರತದ ಮಕ್ಕಳಿಗೆ ಈ ಬಾಗಿಲು ತೆರೆಯಲು ಸುಮಾರು ಅರ್ಧ ಶತಮಾನವೇ ಹಿಡಿಯಿತು. ಬ್ರಿಟನ್ ದೇಶವು 2023ರಲ್ಲಿ ಪದವೀಧರರಿಗಾಗಿ 'ಯಂಗ್ ಪ್ರೊಫೆಷನಲ್ಸ್' ಎಂಬ ಎರಡು ವರ್ಷದ ವೀಸಾ ಆರಂಭಿಸಿತು. ವರ್ಷಕ್ಕೆ 3,000 ಜನರಿಗೆ ಅವಕಾಶ. ಆಸ್ಟ್ರೇಲಿಯಾ 2022ರ ವ್ಯಾಪಾರ ಒಪ್ಪಂದದಂತೆ 2024ರಲ್ಲಿ 'ವರ್ಕ್ ಅಂಡ್ ಹಾಲಿಡೇ' ಎಂಬ ಒಂದು ವರ್ಷದ ವೀಸಾವನ್ನು ನಮಗೂ ತೆರೆಯಿತು. ವರ್ಷಕ್ಕೆ 1,000 ಜನರಿಗೆ. ಎರಡಕ್ಕೂ ವಯಸ್ಸು 18ರಿಂದ 30. ಆಸ್ಟ್ರೇಲಿಯಾಕ್ಕೆ ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು, ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷು ಬೇಕು. ಅರ್ಜಿ ಹಾಕುವವರು ಬಹಳ ಇರುವುದರಿಂದ ನಾವು ಚೀಟಿ ಎತ್ತುವ ಹಾಗೆ ಕಂಪ್ಯೂಟರಿನಲ್ಲಿ ಹೆಸರು ಎತ್ತುತ್ತಾರೆ. ಹೆಸರು ಬಂದವರಷ್ಟೇ ವೀಸಾಕ್ಕೆ ಅರ್ಜಿ ಹಾಕಬಹುದು.

ಈ ವೀಸಾ ಅವಳೊಬ್ಬಳ ಹೆಸರಿನಲ್ಲಿ ಬರುತ್ತದೆ, ಇದೇ ಇದರ ಮುಖ್ಯ ಗುಣ. ಇದರಲ್ಲಿ ಗಂಡ, ಮಕ್ಕಳನ್ನು ಅವಲಂಬಿತರೆಂದು ಜೊತೆಗೆ ಕರೆದೊಯ್ಯುವಂತಿಲ್ಲ. ಗಂಡನಿಗೂ ಹೋಗಬೇಕಿದ್ದರೆ ಅವನು ತನ್ನದೇ ಅರ್ಜಿ ಹಾಕಿ ಚೀಟಿ ಎತ್ತಿಸಿಕೊಳ್ಳಬೇಕು. ಮಕ್ಕಳ ಹೊಣೆ ಹೊತ್ತ ತಾಯಂದಿರಿಗೆ ಇದು ಅನ್ಯಾಯವೇ ಸರಿ. ಆದರೆ ಇದರಿಂದ ಒಂದು ಲಾಭವೂ ಇದೆ. ಪಂಜಾಬಿನಲ್ಲಿ ಇಂಗ್ಲಿಷ್ ಪರೀಕ್ಷೆ ಪಾಸಾದ ಹುಡುಗಿಯ ಓದಿನ ಖರ್ಚನ್ನು ಗಂಡಿನ ಕಡೆಯವರು ಕೊಟ್ಟು, ಅವಳ ವಿದ್ಯಾರ್ಥಿ ವೀಸಾದ ಬೆನ್ನಿಗೆ ಮಗನನ್ನು ಕಳಿಸುವ ಗುತ್ತಿಗೆ ಮದುವೆಗಳು ನಡೆದಿವೆ. ಹೆಣ್ಣಿನ ವಿದ್ಯೆಯೇ ಅಲ್ಲಿ ವರದಕ್ಷಿಣೆಯಾಯಿತು! ಈ ಹೊಸ ವೀಸಾವನ್ನು ಹಾಗೆ ಮದುವೆಯ ಚೌಕಾಸಿಗೆ ಇಡಲು ಬರುವುದಿಲ್ಲ.

'ಹೆಣ್ಣುಮಗಳನ್ನು ಒಂಟಿಯಾಗಿ ಕಳಿಸುವುದೇ?' ಎಂದು ಮನೆಯಲ್ಲಿ ಪ್ರಶ್ನೆ ಬರುತ್ತದೆ. ಹದಿನೈದು ದಿನದ ರಜೆಯಲ್ಲಿ ಬಂದು ತಾಳಿ ಕಟ್ಟಿದವನ ಹಿಂದೆ ಅವಳನ್ನು ಏಳು ಸಮುದ್ರದಾಚೆ ಕಳಿಸುವಾಗ ಈ ಪ್ರಶ್ನೆಯನ್ನು ಯಾರೂ ಏಕೆ ಕೇಳುವುದಿಲ್ಲ? ಅಪರಿಚಿತ ಗಂಡಸಿನ ಜೊತೆಗಿದ್ದರೆ ಕ್ಷೇಮ, ತನ್ನ ಕಾಲ ಮೇಲೆ ತಾನು ನಿಂತರೆ ಅಪಾಯ ಎನ್ನುವುದು ಯಾವ ನ್ಯಾಯ?

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಎರಡನೇ ವರ್ಷವೂ ಇರಬೇಕೆಂದರೆ ಹಳ್ಳಿಗಾಡಿನಲ್ಲಿ ಅಥವಾ ದೂರದ ಪ್ರದೇಶಗಳಲ್ಲಿ ಹಣ್ಣು ಕೀಳುವಂಥ ನಿಗದಿತ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಮಾಡಿದ್ದಕ್ಕೆ ಪುರಾವೆ ಮಾಲೀಕನಿಂದ ಬರಬೇಕು. ಸಹಿ ಹಾಕುವ ಕೈಗೆ ಅಧಿಕಾರ ಬಂದರೆ ಏನಾಗುತ್ತದೆ ಎಂದು ನಮಗೆ ಗೊತ್ತಿಲ್ಲವೇ? ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಆಂಬುಡ್ಸ್‌ಮನ್, ಬೇರೆ ದೇಶಗಳ ಯುವಜನರಿಗೆ ಕೊಡುತ್ತಿದ್ದ ಇಂಥದೇ ವೀಸಾದ ಬಗ್ಗೆ 2016ರಲ್ಲಿ ತನಿಖಾ ವರದಿ ಹೊರತಂದಿತು. ಕಡಿಮೆ ಕೂಲಿ, ಬಿಟ್ಟಿ ದುಡಿಮೆ, ಸಹಿಗಾಗಿ ಹಣ ಕೇಳುವುದು, ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ, ಎಲ್ಲವೂ ಅದರಲ್ಲಿ ದಾಖಲಾಗಿವೆ. ನಮ್ಮಲ್ಲಿ ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟೆಂದು ಕೊಡುವ ಹಾಗೆ ಅಲ್ಲಿ ಕಿತ್ತ ಹಣ್ಣಿನ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರು. ದಿನವಿಡೀ ಬೆನ್ನು ಬಗ್ಗಿಸಿದರೂ ಕನಿಷ್ಠ ಕೂಲಿ ಹುಟ್ಟುತ್ತಿರಲಿಲ್ಲ. ಕಾರ್ಮಿಕ ಸಂಘಟನೆ ಹೋರಾಡಿದ ಮೇಲೆ, 2022ರ ಏಪ್ರಿಲ್‌ನಿಂದ ಅಂಥವರಿಗೂ ಗಂಟೆಯ ಕನಿಷ್ಠ ಕೂಲಿ ಕಡ್ಡಾಯವಾಯಿತು. ವೀಸಾ ತೋರಿಸಿ ಹೆದರಿಸಿ ದುಡಿಸುವುದು 2024ರ ಜುಲೈನಿಂದ ಅಪರಾಧ. ಅದೇ ತಿಂಗಳಿನಿಂದ ಬ್ರಿಟನ್ನಿನ ಯುವಜನರಿಗೆ ಈ ನಿಗದಿತ ಕೆಲಸದ ಷರತ್ತನ್ನೇ ಕೈಬಿಟ್ಟರು. ನಮ್ಮ ಮಕ್ಕಳಿಗೆ ಬಿಡಲಿಲ್ಲ.

ಆದ್ದರಿಂದ ಹೋಗುವವಳು ಕೂಲಿಯ ದರ ತಿಳಿದುಕೊಂಡು ಹೋಗಲಿ. ಪಾಸ್‌ಪೋರ್ಟನ್ನು ಯಾವ ಮಾಲೀಕನ ಕೈಗೂ ಕೊಡದಿರಲಿ. ಹಿಂದಿರುಗುವ ಟಿಕೆಟ್ಟಿನ ದುಡ್ಡನ್ನು ತನ್ನದೇ ಖಾತೆಯಲ್ಲಿ ಮುಟ್ಟದೆ ಇಟ್ಟಿರಲಿ. ಅತ್ತೆಮನೆಗೆ ಹೋಗುವ ಮಗಳಿಗೆ ನಾವು ಹೇಳಿಕೊಡಬೇಕಾದ ಮಾತುಗಳೂ ಇವೇ ಅಲ್ಲವೇ?

ಇನ್ನು ದುಡ್ಡಿನ ಮಾತು. ಆಸ್ಟ್ರೇಲಿಯಾಕ್ಕೆ 5,000 ಡಾಲರ್, ಬ್ರಿಟನ್ನಿಗೆ 2,530 ಪೌಂಡ್ ಕೈಯಲ್ಲಿದೆ ಎಂದು ತೋರಿಸಬೇಕು. ಎರಡೂ ಹೆಚ್ಚುಕಡಿಮೆ 3 ಲಕ್ಷ ರೂಪಾಯಿ. ವೀಸಾ ಶುಲ್ಕ, ವಿಮಾನದ ಖರ್ಚು, ಬ್ರಿಟನ್ನಿಗಾದರೆ ಆರೋಗ್ಯ ಶುಲ್ಕ ಬೇರೆ. ಅಷ್ಟು ಎಲ್ಲಿಂದ ತರುವುದು ಎಂದು ಕೇಳುವ ಅದೇ ಮನೆ, ವರೋಪಚಾರಕ್ಕೆ, ಛತ್ರಕ್ಕೆ, ಬಂಗಾರಕ್ಕೆ ಅದರ ಎರಡು ಪಟ್ಟು ಹೊಂದಿಸುತ್ತದೆ. ಕರ್ನಾಟಕದಲ್ಲಿ 1994ರಲ್ಲೇ, ಇಡೀ ದೇಶದಲ್ಲಿ 2005ರಲ್ಲಿ, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂತು. ಅವಳಿಗೆಂದು ತೆಗೆಯುವ ದುಡ್ಡು ಯಾರ ಉಪಕಾರವೂ ಅಲ್ಲ. ಅದನ್ನು ಕೊಟ್ಟು ಗಂಡನ್ನು ಕೊಳ್ಳುವುದಕ್ಕಿಂತ ಅವಳ ಕೈಗೇ ಕೊಡುವುದು ಲೇಸು.

ಆದರೆ ಏಜೆಂಟನ ಕೈಗೆ ಕೊಡಬೇಡಿ. ಆಸ್ಟ್ರೇಲಿಯಾದ ಚೀಟಿಗೆ ಹೆಸರು ಬರೆಸಲು 25 ಡಾಲರ್, ಅಂದರೆ ಒಂದೂವರೆ ಸಾವಿರ ರೂಪಾಯಿಯಷ್ಟು. ಬ್ರಿಟನ್ನಿನದು ಉಚಿತ. ಹೆಸರು ಬರುವಂತೆ ಮಾಡುತ್ತೇನೆಂದು ಲಕ್ಷ ಕೇಳುವವನು ಮೋಸಗಾರ. ಚೀಟಿಯಲ್ಲಿ ಹೆಸರು ತರಿಸುವ ಶಕ್ತಿ ಯಾರಿಗೂ ಇಲ್ಲ. ಅಂಥವನಿಗಾಗಿ ಸಂಘದ ಸಾಲ ಎತ್ತಬೇಡಿ, ಎತ್ತಲು ಬಿಡಬೇಡಿ. ಅದು ಹತ್ತು ಮನೆಗಳ ವಾರದ ಉಳಿತಾಯ.

ಒಂದು ಮಾತನ್ನು ಮರೆಯುವಂತಿಲ್ಲ. ಪದವಿ, ಇಂಗ್ಲಿಷು, ಮೂರು ಲಕ್ಷ ಇದ್ದವಳಿಗೆ ಲೋಕ ಸುತ್ತಿ ಬಾ ಎಂದು ಕರೆಯುವ ವಯಸ್ಸು 30ಕ್ಕೆ ಮುಗಿಯುತ್ತದೆ. ಹತ್ತನೇ ತರಗತಿ ಪಾಸಾಗದ ಬಡ ಹೆಣ್ಣುಮಗಳು ಕೊಲ್ಲಿ ರಾಷ್ಟ್ರಗಳಿಗೆ ಮನೆಗೆಲಸಕ್ಕೆ ಹೋಗಬೇಕೆಂದರೆ ನಮ್ಮ ಸರ್ಕಾರ ಅವಳಿಗೆ 30 ತುಂಬಿರಲೇಬೇಕು ಎನ್ನುತ್ತದೆ. ಅವಳ ರಕ್ಷಣೆಗಾಗಿಯೇ ಈ ನಿಯಮವೆನ್ನುತ್ತಾರೆ. ಸರಿಯಾದ ದಾರಿ ಮುಚ್ಚಿದಾಗ ಬಡವರ ಮನೆಯ ಹೆಣ್ಣು ಕಳ್ಳದಾರಿಯ ದಲ್ಲಾಳಿಗೆ ಸಿಕ್ಕಿಬೀಳುತ್ತಾಳೆ. ಓದಿದವಳ ಹಕ್ಕಿನ ಜೊತೆ ಇವಳ ಹಕ್ಕನ್ನೂ ಕೇಳದಿದ್ದರೆ ನಮ್ಮ ಚಳವಳಿ ಅರ್ಧದಾರಿಯದಾಗುತ್ತದೆ.

ವರ್ಷಕ್ಕೆ ನಾಲ್ಕು ಸಾವಿರ ವೀಸಾಗಳಿಂದ ಈ ದೇಶದ ಹೆಣ್ಣುಮಕ್ಕಳ ಬದುಕು ಬದಲಾಗದು. ಅದರಲ್ಲಿ ಎಷ್ಟು ಗಂಡುಮಕ್ಕಳ ಪಾಲಾಗುತ್ತವೋ! ಆದರೂ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ ಮಾತಾಡಿ. ಹೆಣ್ಣುಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಿ, ಅವರ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಸಿ. ಅವರು ಹೋಗಲಿ, ಇಲ್ಲೇ ಇರಲಿ, ಮದುವೆಯಾಗಲಿ, ಬಿಡಲಿ, ಕಾಗದ ಮಾತ್ರ ಅವರ ಕೈಯಲ್ಲೇ ಇರಲಿ.