ಮನೆಗಿಂತ ಮೊದಲು ಮರಕ್ಕೆ ಜಾಗ

ಹೊಸ ಬಡಾವಣೆಗಳ ಹಸಿರು ಪೊಸೆಷನ್ ದಿನದ ಅಲಂಕಾರವಾಗಿ ಉಳಿದಿದೆ. ಅದು ನಕ್ಷೆಯ ಮೊದಲ ಗೆರೆಯಾಗಬೇಕು

ದೇವನಹಳ್ಳಿ, ಹೊಸಕೋಟೆ, ಸರ್ಜಾಪುರ, ಕನಕಪುರ ರಸ್ತೆ ಹೀಗೆ ಬೆಂಗಳೂರಿನ ಯಾವ ದಿಕ್ಕಿಗೆ ಹೋದರೂ ರೋ ಹೌಸ್ ಮತ್ತು ವಿಲ್ಲಾ ಬಡಾವಣೆಗಳು ಏಳುತ್ತಿವೆ. ನಿನ್ನೆಯವರೆಗೆ ರಾಗಿ ಹೊಲ, ದ್ರಾಕ್ಷಿ ತೋಟ, ನೀಲಗಿರಿ ತೋಪು ಇದ್ದ ನೆಲವದು. ಜಾಹೀರಾತಿನಲ್ಲಿ ಎಲ್ಲವೂ ‘ಪ್ರಕೃತಿಯ ಮಡಿಲಲ್ಲೇ’ ಇರುತ್ತವೆ. ಗೇಟು ದಾಟಿ ಒಳಗೆ ಹೋದರೆ ಬಹುಪಾಲು ಕಡೆ ಕಾಣುವುದು ಒಂದೇ ಚಿತ್ರ: ರಸ್ತೆಯ ಎರಡೂ ಬದಿಗೆ ರಾಯಲ್ ಪಾಮ್ ಸಾಲು, ಕ್ಲಬ್ ಹೌಸ್ ಮುಂದೆ ಹುಲ್ಲುಹಾಸು, ಕಾಂಪೌಂಡಿನುದ್ದಕ್ಕೂ ಒತ್ತೊತ್ತಾಗಿ ನಿಂತ ಕೊನೊಕಾರ್ಪಸ್ ಅಥವಾ ಫೈಕಸ್ ಬೇಲಿ. ನೋಡಲು ಅಚ್ಚುಕಟ್ಟು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಶಾಲಾ ವ್ಯಾನಿಗೆ ಕಾಯುವ ತಾಯಿಗೆ, ಪಾರ್ಸೆಲ್ ತಂದ ಹುಡುಗನಿಗೆ, ಕಾವಲಿನವರಿಗೆ ಅಲ್ಲಿ ನಿಲ್ಲಲು ನೆರಳಿರುವುದಿಲ್ಲ.

ಗಿಡಗಳ ಆಯ್ಕೆ ಸರಿಯಿಲ್ಲ ಎಂದು ಇದಕ್ಕೆ ತೋಟಗಾರಿಕೆಯವರನ್ನು ದೂರಿ ಫಲವಿಲ್ಲ. ತಪ್ಪಿರುವುದು ಕೆಲಸದ ಅನುಕ್ರಮದಲ್ಲಿ. ಮೊದಲು ಜೆಸಿಬಿ ಬಂದು ನೆಲ ಮಟ್ಟ ಮಾಡುತ್ತದೆ. ಆಮೇಲೆ ರಸ್ತೆ, ಒಳಚರಂಡಿ, ಚೇಂಬರ್, ಕೇಬಲ್, ಗ್ಯಾಸ್ ಪೈಪು. ನಂತರ ಮನೆಗಳು. ಕೀಲಿಕೈ ಕೊಡಲು ಕೆಲವೇ ತಿಂಗಳು ಇದೆ ಎನ್ನುವಾಗ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರನಿಗೆ ಕರೆ ಹೋಗುತ್ತದೆ. ಅಷ್ಟರಲ್ಲಿ ಅವನಿಗೆ ಉಳಿದಿರುವುದು ರಸ್ತೆಗೂ ಕಾರು ನಿಲ್ಲಿಸುವ ಜಾಗಕ್ಕೂ ನಡುವಿನ ಎರಡಡಿ ಪಟ್ಟಿ. ಅದರ ಕೆಳಗೆ ಪೈಪುಗಳು, ಮೇಲೆ ಜಲ್ಲಿ, ಸಿಮೆಂಟು ಚೂರು, ಲಾರಿ ಓಡಾಡಿ ಕಲ್ಲಾದ ಮಣ್ಣು. ಇಂಥ ಜಾಗದಲ್ಲಿ ಹೊಂಗೆಯೋ ನೇರಳೆಯೋ ಬದುಕುವುದು ಕಷ್ಟ. ಬೆಳೆದ ಗಿಡವನ್ನೇ ತಂದು ನಿಲ್ಲಿಸಬಹುದು, ಕೊಂಬೆ ಹರಡುವುದಿಲ್ಲ, ಮನೆಯ ಮುಂಭಾಗವನ್ನು ಮರೆಮಾಡುವುದಿಲ್ಲ ಎಂಬ ಕಾರಣಕ್ಕೆ ಪಾಮ್ ಗೆಲ್ಲುತ್ತದೆ. ಎಲ್ಲ ತೀರ್ಮಾನಗಳೂ ಮುಗಿದ ಮೇಲೆ ಗಿಡದ ಪ್ರಶ್ನೆ ಬಂದರೆ ಉತ್ತರ ಇದಕ್ಕಿಂತ ಭಿನ್ನವಾಗಿರಲು ಸಾಧ್ಯವಿಲ್ಲ.

ಮೊದಲ ನಷ್ಟ ಮಣ್ಣಿನದು. ಹೊಲದ ಮೇಲ್ಪದರದ 15–20 ಸೆಂಟಿಮೀಟರ್ ಮಣ್ಣಿನಲ್ಲಿಯೇ ಸಾವಯವ ಅಂಶ, ಎರೆಹುಳು, ಸೂಕ್ಷ್ಮಜೀವಿಗಳು ಇರುವುದು. ತಲೆಮಾರುಗಳ ಕೊಟ್ಟಿಗೆ ಗೊಬ್ಬರ ಅದರಲ್ಲಿ ಸೇರಿರುತ್ತದೆ. ಅದನ್ನು ಕೆರೆದು, ಒಂದು ಮೂಲೆಯಲ್ಲಿ ರಾಶಿ ಹಾಕಿ ಕಾಪಿಟ್ಟರೆ ಕೊನೆಗೆ ತೋಟಕ್ಕೆ ಅದೇ ಮಣ್ಣು ಸಿಗುತ್ತದೆ. 20,000 ಚದರ ಮೀಟರ್ ಮೀರಿದ ನಿರ್ಮಾಣಗಳಿಗೆ ಪರಿಸರ ಅನುಮೋದನೆ ಬೇಕು. ಮೇಲ್ಮಣ್ಣನ್ನು ಉಳಿಸಿ ಮರುಬಳಸಬೇಕು, ಪ್ರತಿ 80 ಚದರ ಮೀಟರ್ ಜಮೀನಿಗೆ ಒಂದಾದರೂ ಮರ ಬೆಳೆಸಬೇಕು ಎಂಬುದು ಅದರಲ್ಲಿ ಸಾಮಾನ್ಯವಾಗಿ ಬರುವ ಷರತ್ತುಗಳು. ನಡೆಯುವುದು ಬೇರೆ. ಒಳ್ಳೆಯ ಕೆಮ್ಮಣ್ಣು ಅಡಿಪಾಯ ತುಂಬಲು ಹೋಗುತ್ತದೆ, ತೋಟಕ್ಕೆ ಬೇರೆ ಊರಿನ ಕೆರೆಮಣ್ಣೋ ಹೊಲದ ಮಣ್ಣೋ ಲಾರಿಯಲ್ಲಿ ಬರುತ್ತದೆ. ಮರದ ಲೆಕ್ಕದಲ್ಲೂ ಹಾಗೆಯೇ. ಮೂವತ್ತು ಅಡಿ ಹರಡುವ ಮಾವಿಗೂ ಮೂರಡಿ ನೆರಳು ಕೊಡದ ಪಾಮ್‌ಗೂ ಕಡತದಲ್ಲಿ ಒಂದೇ ಅಂಕಿ. ಹತ್ತು ವರ್ಷದ ನಂತರ ಎಷ್ಟು ನೆಲಕ್ಕೆ ನೆರಳು ಬೀಳುತ್ತದೆ ಎಂದು ಕೇಳುವ ಕಲಂ ಆ ಕಡತದಲ್ಲಿಲ್ಲ.

ಎರಡನೆಯ ನಷ್ಟ ನೀರಿನದು. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಒಂದು ಎಕರೆ ಹುಲ್ಲಿಗೆ ಇದು ದಿನಕ್ಕೆ 20,000 ಲೀಟರ್. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ಸುಮಾರು 150 ಜನರ ಪಾಲಿನ ನೀರನ್ನು ಆ ಹುಲ್ಲು ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿದ್ದನ್ನು ಮರೆಯುವಂತಿಲ್ಲ. ಹೊರವಲಯದ ಬಹಳಷ್ಟು ಬಡಾವಣೆಗಳು ಆಗ ಟ್ಯಾಂಕರ್‌ಗಾಗಿ ಕಾಯುತ್ತಿದ್ದವು. ‘ನಾವು ಶುದ್ಧೀಕರಿಸಿದ ಕೊಳಚೆ ನೀರನ್ನೇ ಹಾಕುತ್ತೇವೆ’ ಎಂಬ ಸಮಜಾಯಿಷಿ ಅರ್ಧ ಸರಿ. ಆ ನೀರು ತೋಟಕ್ಕೆ ಬರುವುದು ಒಳ್ಳೆಯದೇ. ಆದರೆ ಕಾಲು ಭಾಗ ಮನೆಗಳಲ್ಲಷ್ಟೇ ಜನ ಬಂದಿರುವ ಆರಂಭದ ವರ್ಷಗಳಲ್ಲಿ ಶುದ್ಧೀಕರಣ ಘಟಕಕ್ಕೆ ಸಾಕಷ್ಟು ಕೊಳಚೆಯೇ ಸಿಗುವುದಿಲ್ಲ. ಹುಲ್ಲು ಮಾತ್ರ ಮೊದಲ ದಿನದಿಂದಲೇ ಪೂರ್ತಿ ನೀರು ಬೇಡುತ್ತದೆ. ಆ ಕೊರತೆ ತುಂಬುವುದು ಕೊಳವೆಬಾವಿ. ಸಸಿಗಳಿಗೆ ಎರಡು–ಮೂರು ಬೇಸಿಗೆ ಹನಿ ನೀರು ಕೊಟ್ಟರೆ ಆಮೇಲೆ ಅವು ಹೆಚ್ಚುಕಡಿಮೆ ತಮ್ಮ ಬೇರಿನ ಬಲದಲ್ಲಿ ನಿಲ್ಲುತ್ತವೆ. ಹುಲ್ಲಿಗೆ ಅಂಥ ಬಿಡುಗಡೆಯಿಲ್ಲ.

ನೆರಳಿನ ಬೆಲೆ ಏನೆಂಬುದಕ್ಕೆ ಬೆಂಗಳೂರಿನಲ್ಲೇ ಅಳತೆ ಸಿಕ್ಕಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ ಇತ್ತು. ಡಾಂಬರಿನ ಮೇಲ್ಮೈಯಲ್ಲಿ ಈ ವ್ಯತ್ಯಾಸ 27.5 ಡಿಗ್ರಿವರೆಗೆ ಹೋಗಿತ್ತು. ಮಾಲಿನ್ಯದ ಮಟ್ಟವೂ ತಗ್ಗಿತ್ತು. ಮನೆ ಮನೆಗೆ ಎ.ಸಿ. ಹಾಕಿಸಿಕೊಂಡು ಕಿಟಕಿ ಮುಚ್ಚುವ ಬಡಾವಣೆ, ಈ ತಂಪನ್ನು ಸಸಿಯ ಬೆಲೆಗೆ ಪಡೆಯಬಹುದಿತ್ತು.

ಈ ನಗರಕ್ಕೆ ಇದು ಹೊಸ ಪಾಠವೂ ಅಲ್ಲ. 1908ರಲ್ಲಿ ಬೆಂಗಳೂರಿಗೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕೃಂಬಿಗಲ್, ಒಂದು ಬೀದಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆಯ್ದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಕೆಲವೇ ವರ್ಷಗಳಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಅವು ಉಳಿದದ್ದು ಎತ್ತರದ ಸಸಿ, ಕಾವಲಿನ ಬೇಲಿ, ತಪ್ಪದೆ ಹಾಕಿದ ನೀರು, ಮನೆಯವರ ಕಣ್ಗಾವಲು ಈ ನಾಲ್ಕರಿಂದ. ಇವರಿಬ್ಬರೂ ಸ್ವದೇಶಿ–ವಿದೇಶಿ ಜಗಳಕ್ಕೆ ಇಳಿದವರಲ್ಲ. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರವೂ ಗುಲಾಬಿ ಟಬೂಬಿಯವೂ ಅಮೆರಿಕ ಖಂಡದವು. ಅವು ಈಗ ಬೆಂಗಳೂರಿನವೇ ಆಗಿವೆ. ಗಿಡ ಎಲ್ಲಿಂದ ಬಂತು ಎನ್ನುವುದಕ್ಕಿಂತ ಎಷ್ಟು ನೀರು ಕೇಳುತ್ತದೆ, ಯಾರಿಗೆ ನೆರಳು ಕೊಡುತ್ತದೆ, ಬೇರು ಎಲ್ಲಿಗೆ ಹೋಗುತ್ತದೆ ಎಂಬುದು ಮುಖ್ಯ. ಬೇಲಿಗೆಂದು ಎಲ್ಲೆಡೆ ನೆಟ್ಟ ಕೊನೊಕಾರ್ಪಸ್ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಬೇರಿನಿಂದ ಚರಂಡಿ–ಕೇಬಲ್‌ಗಳಿಗೆ ಹಾನಿ, ಪರಾಗದಿಂದ ಅಲರ್ಜಿ ಎಂಬ ಕಾರಣಕ್ಕೆ ತೆಲಂಗಾಣ 2022ರಲ್ಲಿ, ಗುಜರಾತ್ 2023ರಲ್ಲಿ ಅದನ್ನು ನೆಡದಂತೆ ನಿರ್ಬಂಧಿಸಿವೆ.

ದೇವನಹಳ್ಳಿಯ ಬಡಾವಣೆಗಳಿಗಂತೂ ಮಾದರಿ ಪಕ್ಕದಲ್ಲೇ ಇದೆ. ಅದೇ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಹಳೆ ಮೈಸೂರು ಸೀಮೆಯ ಊರುಗಳಲ್ಲಿ ಮಾವು, ಹುಣಸೆ, ನೇರಳೆ, ಬೇವು, ಹೊಂಗೆ ಇದ್ದ ಗುಂಡುತೋಪು ಊರಿನ ಸಾಮಾನ್ಯ ಜಾಗವಾಗಿತ್ತು. ದಾರಿಹೋಕರು ತಂಗುವುದು, ಮಕ್ಕಳು ಆಡುವುದು, ದನ ಮಲಗುವುದು ಅಲ್ಲೇ. ಹತ್ತಾರು ಎಕರೆಯ ಹೊಸ ಬಡಾವಣೆ ತನ್ನ ಉದ್ಯಾನದ ಜಾಗವನ್ನು ಚೂರುಚೂರಾಗಿ ಹಂಚುವ ಬದಲು ಒಂದೆಡೆ ಸೇರಿಸಿ ಅರ್ಧ ಎಕರೆ ಗುಂಡುತೋಪು ಬೆಳೆಸಿದರೆ ಅದಕ್ಕಿಂತ ಒಳ್ಳೆಯ ಕ್ಲಬ್ ಹೌಸ್ ಇನ್ನೊಂದಿಲ್ಲ.

ಹಾಗಾದರೆ ಸರಿಯಾದ ಅನುಕ್ರಮ ಯಾವುದು? ಮೊದಲು ಇರುವ ಮರಗಳ ಸರ್ವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ಅನುಮತಿ ಬೇಕು ಎನ್ನುವುದನ್ನು ಅಡ್ಡಿಯೆಂದು ಭಾವಿಸದೆ ರಸ್ತೆಯನ್ನೇ ಮರಕ್ಕೆ ತಕ್ಕಂತೆ ತಿರುಗಿಸಬೇಕು. ಐವತ್ತು ವರ್ಷದ ಹುಣಸೆ ಕೊಡುವ ನೆರಳನ್ನು ನರ್ಸರಿಯಿಂದ ಕೊಂಡು ತರಲಾಗದು. ಎರಡನೆಯದು ನೆಲದಡಿಯ ಹಂಚಿಕೆ. ಪೈಪು, ಕೇಬಲ್ ಎಲ್ಲವೂ ರಸ್ತೆಯ ಒಂದೇ ಬದಿಗೆ ಹೋಗಲಿ, ಇನ್ನೊಂದು ಬದಿ ಬೇರಿಗೆ ಮೀಸಲಾಗಲಿ. ರೋ ಹೌಸ್‌ಗಳಲ್ಲಿ ಪ್ರತಿ ಮನೆಗೂ ಬೇರೆ ಕಾರು ದಾರಿ ಕೊಡುವುದರಿಂದ ರಸ್ತೆಬದಿಯ ಪಟ್ಟಿ ತುಂಡುತುಂಡಾಗುತ್ತದೆ. ಅಕ್ಕಪಕ್ಕದ ಎರಡು ಮನೆಗಳ ಕಾರು ದಾರಿಯನ್ನು ಜೋಡಿ ಮಾಡಿದರೆ ಸಾಕು, ಮುಂದಿನ ಜೋಡಿಯವರೆಗೆ ಅಖಂಡ ಮಣ್ಣಿನ ಪಟ್ಟಿ ಸಿಗುತ್ತದೆ, ಅಲ್ಲಿ ದೊಡ್ಡ ಮರವೊಂದು ನೆಮ್ಮದಿಯಾಗಿ ಬೆಳೆಯುತ್ತದೆ. ನಕ್ಷೆಯಲ್ಲಿ ಈ ಬದಲಾವಣೆಗೆ ಖರ್ಚಿಲ್ಲ, ರಸ್ತೆ ಹಾಕಿದ ಮೇಲೆ ಅದು ಅಸಾಧ್ಯ. ಬುಡವನ್ನು ಪೇವರ್‌ನಿಂದ ಬಿಗಿದು ಉಸಿರುಗಟ್ಟಿಸಬಾರದು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು.

ಮೂರನೆಯದು ಮಳೆ. ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 100 ಚದರ ಮೀಟರ್ ಚಾವಣಿ, ಸೋರಿಕೆ ಕಳೆದು, 75,000 ಲೀಟರ್ ನೀರು ಕೊಡುತ್ತದೆ. ರಸ್ತೆಬದಿಯ ತೋಟ ರಸ್ತೆಗಿಂತ ಎತ್ತರದಲ್ಲಿದ್ದರೆ ಮಣ್ಣು ಕೊಚ್ಚಿ ಚರಂಡಿ ಸೇರುತ್ತದೆ. ಅರ್ಧ ಅಡಿ ತಗ್ಗಿದ್ದರೆ ರಸ್ತೆಯ ನೀರು ಅಲ್ಲೇ ನಿಂತು ಇಂಗುತ್ತದೆ, ಮರಕ್ಕೂ ಸಿಗುತ್ತದೆ. ತಗ್ಗಿನಲ್ಲಿ ಅಲ್ಲಲ್ಲಿ ಇಂಗುಬಾವಿ ಇರಲಿ. ಅದನ್ನು ತೋಡಲು ತಲೆತಲಾಂತರದ ಕಸುಬಿನ ಮಣ್ಣುವಡ್ಡರು ಈ ಸೀಮೆಯಲ್ಲೇ ಇದ್ದಾರೆ. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯವರು ಹೆಚ್ಚು ಬಳಸಿದವರಿಗೆ ಹೆಚ್ಚು ದರ ಎಂದು ನಿಗದಿ ಮಾಡಿ, ಇಂಗುಬಾವಿ ತೋಡಿಸಿ ತಮ್ಮ ನೀರಿನ ಸ್ಥಿತಿ ಸುಧಾರಿಸಿಕೊಂಡದ್ದು ಹೆಸರಾದ ಉದಾಹರಣೆ. ಅದೇ ಬಡಾವಣೆ 2022ರ ಪ್ರವಾಹದಲ್ಲಿ ಮುಳುಗಿತು ಎಂಬುದನ್ನೂ ಹೇಳಬೇಕು. ರಾಜಕಾಲುವೆ ಕಟ್ಟಿಕೊಂಡರೆ ಒಂದು ಬಡಾವಣೆಯ ಶ್ರದ್ಧೆ ಸಾಲದು. ಪ್ರತಿಯೊಂದೂ ತನ್ನ ಮಳೆಯನ್ನು ತನ್ನಲ್ಲೇ ತಡೆದರೆ ಮಾತ್ರ ತಗ್ಗಿನಲ್ಲಿರುವವರು ಉಳಿಯುತ್ತಾರೆ.

ಆಮೇಲಷ್ಟೇ ಗಿಡದ ಪಟ್ಟಿ. ಅಗಲ ರಸ್ತೆಗೆ, ಉದ್ಯಾನಕ್ಕೆ ಮಾವು, ನೇರಳೆ, ಬೇವು, ಹೊಳೆಮತ್ತಿ. ಒಳರಸ್ತೆಗೆ ಹೊಂಗೆ, ಹೊಳೆದಾಸವಾಳ, ಕಕ್ಕೆ, ರಂಜ. ಮನೆ ಮುಂದಿನ ಹತ್ತಡಿಗೆ ಪಾರಿಜಾತ, ಸೀತಾ ಅಶೋಕ, ನೆಲ್ಲಿ, ಸೀಬೆ, ಕರಿಬೇವು. ಬೇಲಿಗೆ ದಾಸವಾಳ, ಕೇಪಳ, ಗೋರಂಟಿ. ಮಕ್ಕಳು ಆಡುವಷ್ಟು ಜಾಗಕ್ಕೆ ಮಾತ್ರ ಹುಲ್ಲು, ಅದೂ ಒಣಗಿದರೂ ಮಳೆಗೆ ಚಿಗುರುವ ಗರಿಕೆ. ಒಂದೇ ಜಾತಿಯ ಸಾಲು ಬೇಡ. ಒಂದು ಪ್ರಭೇದ ಒಟ್ಟು ಮರಗಳ ಶೇ 10 ಮೀರಬಾರದೆಂದು ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸ್ಯಾಂಟಮೋರ್ 1990ರಲ್ಲಿ ಹೇಳಿದ್ದು ಒಂದು ಕೀಟಕ್ಕೆ ಇಡೀ ಬೀದಿ ಬಲಿಯಾಗದಿರಲೆಂದು.

ನಿವಾಸಿಗಳ ಆತಂಕಗಳನ್ನು ತಳ್ಳಿಹಾಕುವಂತಿಲ್ಲ. ಬೇರು ಗೋಡೆ ಸೀಳುತ್ತದೆ, ಮಳೆಗಾಲದಲ್ಲಿ ಕೊಂಬೆ ಕಾರಿನ ಮೇಲೆ ಬೀಳುತ್ತದೆ, ನೇರಳೆ ಹಣ್ಣು ಕಲೆ ಮಾಡುತ್ತದೆ, ಎಲೆ ಗುಡಿಸಿ ಸಾಕಾಗುತ್ತದೆ ಎಂಬ ಮಾತು ಪ್ರತಿ ಅಸೋಸಿಯೇಷನ್ ಸಭೆಯಲ್ಲೂ ಬರುತ್ತದೆ. ಬೇರು ಕಾಂಕ್ರೀಟನ್ನು ಎತ್ತುವುದು ಬಹುಮಟ್ಟಿಗೆ ಅದಕ್ಕೆ ಸಡಿಲ ಮಣ್ಣು ಸಿಗದಾಗ. ಕೊಂಬೆ ಮುರಿಯುವುದು ಹೆಚ್ಚಾಗಿ ಒಂದೇ ಕಡೆ ಬೇರು ಕಡಿದ, ಮನಬಂದಂತೆ ಸವರಿದ ಮರದಲ್ಲಿ. ಹಣ್ಣಿನ ಮರ ತೋಪಿನಲ್ಲಿರಲಿ, ಕಾರು ನಿಲ್ಲುವಲ್ಲಿ ಬೇಡ. ತರಗೆಲೆಯನ್ನು ಚೀಲ ತುಂಬಿ ಹೊರಗೆ ಕಳಿಸಿ, ಮತ್ತೆ ಚೀಲದಲ್ಲಿ ಗೊಬ್ಬರ ಕೊಳ್ಳುವ ಪದ್ಧತಿ ನಿಂತು, ಅದೇ ಎಲೆ ಬುಡದ ಹೊದಿಕೆಯಾಗಲಿ.

ಕೊನೆಯದು ಹೊಣೆಗಾರಿಕೆ. ರೇರಾ ಕಾಯ್ದೆ ಪ್ರಕಾರ ನಿರ್ಮಾಣದ ದೋಷವನ್ನು ಸ್ವಾಧೀನದ ನಂತರ ಐದು ವರ್ಷದವರೆಗೆ ಬಿಲ್ಡರ್ ಸರಿಪಡಿಸಬೇಕು. ಗೋಡೆ ಬಿರುಕಿಗೆ ಇರುವ ಈ ಖಾತರಿ ಮರಕ್ಕೂ ಬರಬೇಕು. ಮೂರು ಬೇಸಿಗೆ ದಾಟುವವರೆಗೆ ಸಸಿಗಳ ಉಳಿವು ಬಿಲ್ಡರ್‌ನ ಹೊಣೆ, ಸತ್ತ ಗಿಡಕ್ಕೆ ಅದೇ ಜಾತಿಯ ಬದಲಿ ಎಂಬ ಕಲಂ ಮಾರಾಟದ ಒಪ್ಪಂದದಲ್ಲಿರಲಿ. ಯೋಜನಾ ಪ್ರಾಧಿಕಾರಗಳು ನಕ್ಷೆ ಮಂಜೂರು ಮಾಡುವಾಗಲೇ ಮರದ ಸ್ಥಾನ, ಮಣ್ಣಿನ ಆಳ, ಹತ್ತನೇ ವರ್ಷದ ನೆರಳಿನ ವಿಸ್ತಾರ ತೋರಿಸುವ ಹಾಳೆಯನ್ನು ಕಡ್ಡಾಯ ಮಾಡಲಿ. ಸ್ವಾಧೀನ ಪತ್ರ ಕೊಡುವ ಮುನ್ನ ಸ್ಥಳಕ್ಕೆ ಹೋಗಿ ಅದನ್ನು ತಾಳೆ ನೋಡಲಿ.

ಕಾನೂನು ಬರುವ ತನಕ ಕಾಯಬೇಕಿಲ್ಲ. ಕೋಟಿ ಕೊಟ್ಟು ಮನೆ ಕೊಳ್ಳುವವರು ಅಡುಗೆಮನೆಯ ಗ್ರಾನೈಟ್ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ ನಾಲ್ಕು ಪ್ರಶ್ನೆ ಕೇಳಲಿ: ಇಲ್ಲಿದ್ದ ಮರಗಳು ಏನಾದವು? ಮೇಲ್ಮಣ್ಣು ಎಲ್ಲಿದೆ? ಬೇರಿಗೆ ಬಿಟ್ಟ ಜಾಗ ಎಷ್ಟು? ಬೇಸಿಗೆಯಲ್ಲಿ ತೋಟಕ್ಕೆ ನೀರು ಎಲ್ಲಿಂದ? ಉತ್ತರ ಕೊಡಲಾಗದ ಬಡಾವಣೆ ಎಷ್ಟೇ ಹಸಿರಾಗಿ ಕಂಡರೂ ಅಲ್ಲಿ ಮನೆ ಕೊಳ್ಳುವ ಮುನ್ನ ಇನ್ನೊಮ್ಮೆ ಯೋಚಿಸಿ.